ನೇಪಾಳಕ್ಕೆ ಹೋಗಿ ಬಂದ ಮುಟ್ಟಿನ ಅರಿವೆ

ಸಿಂಧನೂರು

ನೇಪಾಳಕ್ಕೆ ಹೋಗಿ ಬಂದೆ ಅಂದರೆ ಜನ ಮೊದಲು ಕೇಳುವುದು ಹಿಮಾಲಯ ಕಂಡಿತೇ ಎಂದು. ಕಂಡಿತು, ಒಂದು ಮುಂಜಾನೆ, ಅರ್ಧ. ಉಳಿದರ್ಧಕ್ಕೆ ಮೋಡ ಅಡ್ಡ ಬಂದಿತ್ತು. ಆಮೇಲೆ ಏನು ತಂದಿರಿ ಎನ್ನುತ್ತಾರೆ. ಏನು ಒಯ್ದಿದ್ದಿರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಊರು ಬಿಡುವ ಹೆಂಗಸಿನ ಚೀಲದ ತಳದಲ್ಲಿ ಏನಿರುತ್ತದೆ ಎಂಬುದು ಹೆಂಗಸರಿಗೆ ಗೊತ್ತು, ಗಂಡಸರು ಕೇಳುವುದಿಲ್ಲ. ನಾನು ಆ ತಳದಿಂದಲೇ ಶುರು ಮಾಡುತ್ತೇನೆ.

ತೊಂಬತ್ತರ ದಶಕದ ಮೊದಲ ಭಾಗ. ಸಿಂಧನೂರಿನಲ್ಲಿ ನಾನು ಪ್ರೈಮರಿ ಶಾಲೆ ಟೀಚರ್. ನಮ್ಮ ಅತ್ತೆ ಶರಣಮ್ಮನವರಿಗೆ ಹತ್ತಿರದ ವಳಕಮದಿನ್ನಿಯ ಗದ್ದೆ, ಸಂಜೆಯ ಭಜನೆ, ಸೋಮವಾರದ ಉಪವಾಸ, ಇಷ್ಟೇ ಲೋಕ. ಕಠ್ಮಂಡುವಿನ ಪಶುಪತಿನಾಥನನ್ನು ಕಣ್ತುಂಬ ನೋಡುವ ತನಕ ಸೋಮವಾರ ಅನ್ನ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಿದ್ದರು. ಕರೆದುಕೊಂಡು ಹೋಗುತ್ತೇನೆ ಎಂದು ವರ್ಷ ವರ್ಷ ಹೇಳುತ್ತಲೇ ಮಾವ ತೀರಿಕೊಂಡರು. ಕೊನೆಗೆ ಅತ್ತೆ ಯಾರ ದಾರಿಯನ್ನೂ ಕಾಯದೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಭಜನೆಯ ಹೆಂಗಸರನ್ನು ಕೂಡಿಸಿ ಒಂದು ಬಸ್ಸು ಗೊತ್ತು ಮಾಡಿದರು. ಮೊದಲು ಕಾಶಿ, ಅಲ್ಲಿಂದ ನೇಪಾಳ.

ಹೊರಡುವ ಮುಂಚೆ ಎಲ್ಲರನ್ನೂ ನಮ್ಮ ಪಡಸಾಲೆಯಲ್ಲಿ ಕೂಡಿಸಿ ಅತ್ತೆ ಕಾನೂನು ಹೇಳಿದರು.

"ಮುಟ್ಟಾದಾಕಿ ಗುಡಿ ಮೆಟ್ಟಲ ಹತ್ತಂಗಿಲ್ಲ. ಬಸ್ಸಿನ್ಯಾಗ ಕುಂದ್ರಬೇಕು. ನನ್ನ ಸ್ವಂತ ಸೊಸಿ ಆದ್ರೂ ಅಷ್ಟ."

ಸ್ವಂತ ಸೊಸೆ ಅಂದರೆ ನಾನು. ಎಲ್ಲರೂ ನನ್ನ ಕಡೆ ನೋಡಿದರು. ಲಿಂಗಸುಗೂರಿನ ನಾಗವ್ವ ಮಾತ್ರ ಸುಮ್ಮನಿರುವ ಜಾತಿಯಲ್ಲ. "ಅಷ್ಟು ದೂರ ಹೋಗಿ ಬಸ್ಸಿನ ಸೀಟು ನೋಡಿಕೊಂಡು ಬರಬೇಕೇನ್ರಿ ಶರಣಮ್ಮಕ್ಕಾ?" ಎಂದಳು. ಅದಕ್ಕೂ ಅತ್ತೆಯ ಹತ್ತಿರ ಮದ್ದಿತ್ತು. ಲಿಂಗಸುಗೂರಿನ ಡಾಕ್ಟರಮ್ಮನ ಹತ್ತಿರ ಮುಟ್ಟು ಮುಂದೂಡುವ ಗುಳಿಗೆ ಬರೆಸಿ ತಂದಿದ್ದರು. ತಮಗೆ ಮಾತ್ರ ಬೇಡ ಎಂದರು. "ನಂದು ದಸರಿಯಿಂದ ನಿಂತೈತಿ. ನಾ ಪಾರಾದೆ," ಎಂದು ಪರೀಕ್ಷೆ ಮುಗಿಸಿದ ಹುಡುಗಿಯಂತೆ ನಕ್ಕರು.

ಆ ಗುಳಿಗೆ ನನಗೆ ಒಗ್ಗಲಿಲ್ಲ. ಎರಡು ನುಂಗುವಷ್ಟರಲ್ಲಿ ಹೊಟ್ಟೆ ತೊಳಸಿ, ತಲೆ ತಿರುಗಿ, ಕರಿಹಲಗೆಯ ಮೇಲೆ ಮಗ್ಗಿ ಬರೆಯುತ್ತ ಗೋಡೆ ಹಿಡಿದು ನಿಂತೆ. ಅಲ್ಲಿಗೆ ಬಿಟ್ಟೆ. ಅತ್ತೆಗೆ ಹೇಳಲಿಲ್ಲ. ಗುಳಿಗೆ ಬಿಟ್ಟ ಮೇಲೆ ಅರಿವೆ ಬೇಕೇ ಬೇಕು. ಮೆಡಿಕಲ್ ಶಾಪಿನಲ್ಲಿ ಪ್ಯಾಡಿನ ಪಾಕೀಟು ಸಿಗುತ್ತಿತ್ತು ನಿಜ, ಆದರೆ ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಆ ಕಡೆ ಮುಖ ತಿರುಗಿಸಿ ಕೊಡುವಷ್ಟರಲ್ಲಿ ಅಂಗಡಿಯಲ್ಲಿದ್ದವರಿಗೆಲ್ಲ ಒಳಗೇನಿದೆ ಅಂತ ತಿಳಿದುಹೋಗುತ್ತಿತ್ತು. ನಮಗೆ ರೂಢಿ ಇದ್ದದ್ದು ಹಳೆಯ ನೂಲಿನ ಸೀರೆ.

ಪಕ್ಕದ ಮನೆಯ ಮೆಹಬೂಬಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಗುಟ್ಟು ಹೇಳಿದೆ.

"ಫಿಕರ್ ಮಾಡಬ್ಯಾಡ್ರಿ ಟೀಚರಮ್ಮ," ಎಂದಳು. "ಹಳೇ ನೂಲಿನ ಅರಿವಿ ಏನೈತಿ ಎಲ್ಲಾ ತರ್ರಿ. ಪಾಲಿಸ್ಟರ್ ತಂದ್ರ ಮಾತ್ರ ನಾ ಮುಟ್ಟಂಗಿಲ್ಲ. ಆ ಅರಿವಿ ನೀರೂ ಕುಡಿಯಂಗಿಲ್ಲ, ಏನೂ ಕುಡಿಯಂಗಿಲ್ಲ."

ಹುಡುಕಿದರೆ ನನ್ನ ಸೀರೆಗಳೆಲ್ಲ ಪಾಲಿಸ್ಟರ್. ಟ್ರಂಕಿನ ಅಡಿಯಲ್ಲಿ ಮಾವನವರ ಒಂದು ಧೋತರ ಸಿಕ್ಕಿತು, ತೊಳೆದು ತೊಳೆದು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ತಪ್ಪೋ ಸರಿಯೋ ಎಂದು ಒಂದು ಗಳಿಗೆ ನಿಂತೆ. ಆಮೇಲೆ ಒಯ್ದು ಕೊಟ್ಟೆ. ಮೆಹಬೂಬಿ ಅದನ್ನು ಹರಿದು ಚೌಕ ಮಾಡಿ ಅಂಚು ಮಡಚಿ ಹೊಲಿದಳು, ಒಳಗೆ ಇಡಲು ತನ್ನದೇ ಹಳೆಯ ಓಢಣಿಯ ಉದ್ದನೆ ಪಟ್ಟಿಗಳನ್ನು ಸೇರಿಸಿದಳು. ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟಿನ ಕೆಳಗೆ ಅವನ್ನೆಲ್ಲ ಒತ್ತಿ ಇಟ್ಟೆ.

ಮಸ್ಕಿ, ಲಿಂಗಸುಗೂರು

ಮಸ್ಕಿ ಅತ್ತೆಯ ತವರು. ಅಲ್ಲಿ ಬಸ್ಸು ಹತ್ತಿದವರಲ್ಲಿ ಅತ್ತೆಯ ತಮ್ಮನ ಸೊಸೆ ಶಾಂತಾ ಒಬ್ಬಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ತಲೆ ಮೇಲಿನ ಸೆರಗು ಕೆಳಗಿಳಿಯದ, ಕೇಳಿದ್ದಕ್ಕೆ "ಹ್ಞೂಂ" ಎನ್ನುವ ಹುಡುಗಿ. ಆದರೆ ಕಾಶಿ ಎಂದರೆ ಮಾತ್ರ ಅವಳ ಕಣ್ಣು ಅಗಲವಾಗುತ್ತಿತ್ತು. ಅವಳ ಅವ್ವ ಬದುಕಿದ್ದಾಗ, ವಿಶ್ವನಾಥನಿಗೆ ಏರಿಸಬೇಕೆಂದು ಒಂದು ಬೆಳ್ಳಿ ಬಿಲ್ವಪತ್ರೆ ಮಾಡಿಸಿ ಇಟ್ಟಿದ್ದಳಂತೆ. ಅದನ್ನು ಶಾಂತಾ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು.

ಲಿಂಗಸುಗೂರಿನಲ್ಲಿ ನಾಗವ್ವ ಹತ್ತಿದ ಮೇಲೆ ಬಸ್ಸಿಗೆ ಜೀವ ಬಂತು. ದಿನಾ ಸಂಜೆ ಅತ್ತೆ ಸೀಟಿನಿಂದ ಸೀಟಿಗೆ ಹೋಗಿ ಗುಳಿಗೆ ಹಂಚುವರು, ನುಂಗುವುದನ್ನು ನಿಂತು ನೋಡುವರು. "ಬಾಯಿ ತೆರಿ," ಎಂದು ನಾಗವ್ವನಿಗೆ ಅಂದರೆ ಅವಳು ಗಂಟಲಿನ ತನಕ ತೋರಿಸುವಳು. ನಾನು ಗುಳಿಗೆಯನ್ನು ದವಡೆಗೆ ಒತ್ತಿಟ್ಟುಕೊಂಡು ನೀರು ಕುಡಿದು, ಕಿಟಕಿಯಿಂದ ಉಗುಳುವುದನ್ನು ಚೆನ್ನಾಗಿ ಕಲಿತೆ.

ಕಾಶಿ

ಶಾಂತಾಳಿಗೆ ಬಸ್ಸಿನ ಕುಲುಕಾಟ ಆಗದು. ಗುಳಿಗೆ ನುಂಗಿದ್ದಷ್ಟನ್ನೂ ದಾರಿಯುದ್ದಕ್ಕೂ ವಾಂತಿ ಮಾಡಿದ್ದಳು. ಕಾಶಿ ತಲುಪಿದ ದಿನವೇ ಅವಳಿಗೆ ಮುಟ್ಟಾಯಿತು.

ಅತ್ತೆಯ ಕಾನೂನು ಕಾನೂನೇ. ನಾವೆಲ್ಲ ಗಂಗೆಯಲ್ಲಿ ಮಿಂದು ವಿಶ್ವನಾಥನ ಗುಡಿಗೆ ಹೊರಟೆವು, ಶಾಂತಾ ಬಸ್ಸಿನಲ್ಲಿ ನಮ್ಮ ಚಪ್ಪಲಿ ಕಾಯುತ್ತ ಕೂತಳು. ಹೊರಡುವ ಮುಂಚೆ ಅವಳನ್ನು ಮರೆಗೆ ಕರೆದು ಅರಿವೆ ಕೊಟ್ಟೆ, ನನ್ನ ಗುಟ್ಟು ಅವಳಿಗೊಬ್ಬಳಿಗೆ ತಿಳಿಯಿತು. ಬೆಳ್ಳಿ ಪತ್ರೆಯನ್ನು ನಾನೇ ಒಯ್ದು ಏರಿಸಲೇ ಎಂದು ಕೇಳಿದೆ.

"ಬ್ಯಾಡಕ್ಕಾ," ಎಂದಳು. "ನಮ್ಮವ್ವ ನನ್ನ ಕೈಯಾಗ ಕೊಟ್ಟಾಳ."

ಅಷ್ಟು ಮಾತು ಅವಳ ಬಾಯಿಂದ ಅದೇ ಮೊದಲು ಕೇಳಿದ್ದು. ನನಗೆ ಗುಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಅತ್ತೆಯ ಮೇಲೆ ಸಿಟ್ಟು ಬಂತು, ಎದುರು ಮಾತಾಡುವ ಧೈರ್ಯ ಬರಲಿಲ್ಲ.

ಬಸ್ಸಿನಲ್ಲಿ ಅರಿವೆ ಒಗೆಯುವುದು ಒಂದು ಫಜೀತಿಯಾದರೆ ಒಣಗಿಸುವುದು ಇನ್ನೊಂದು. ನಮ್ಮ ಸಿಂಧನೂರಿನ ಬಿಸಿಲಿಗೆ ಹಿತ್ತಲಲ್ಲಿ ಒಂದು ಸೀರೆಯ ಕೆಳಗೆ ಮುಚ್ಚಿ ಹಾಕಿದರೂ ಹಪ್ಪಳದ ಹಾಗೆ ಒಣಗುತ್ತವೆ. ಉತ್ತರದ ಆ ಚಳಿಯಲ್ಲಿ ಮುಂಜಾನೆ ಹಾಕಿದ್ದು ಸಂಜೆಗೂ ಹಸಿ. ಶಾಂತಾ ಕಿಟಕಿಯ ಸರಳಿಗೆ ಟವೆಲ್ ಕಟ್ಟಿ ಅದರ ಮರೆಯಲ್ಲಿ ಒಣಗಿಸುತ್ತಿದ್ದಳು. ಗೋರಖಪುರದ ದಾರಿಯಲ್ಲಿ ಒಂದು ಚೌಕ ಹಾರಿಹೋಯಿತು. ಸೈಕಲ್ಲಿನ ಮೇಲೆ ಬರುತ್ತಿದ್ದ ಒಬ್ಬ ಮುದುಕಪ್ಪ ಅದನ್ನು ಎತ್ತಿಕೊಂಡು, "ರುಕೋ, ರುಕೋ," ಎನ್ನುತ್ತ ನಮ್ಮ ಹಿಂದೆ ಪೆಡಲು ತುಳಿದ. ಮುಂದೆ ರೈಲ್ವೆ ಗೇಟು ಹಾಕಿತ್ತು. ಏದುಸಿರು ಬಿಡುತ್ತ ಬಂದವನೇ ಅದನ್ನು ಕಣ್ಣಿಗೊತ್ತಿಕೊಂಡು, ಯಾತ್ರೆಗೆ ಹೊರಟ ತಾಯಂದಿರ ಕರವಸ್ತ್ರ ಎಂದು ಎರಡೂ ಕೈಯಲ್ಲಿ ಕೊಟ್ಟ. ಶಾಂತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪುಣ್ಯಕ್ಕೆ ಅತ್ತೆ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ನಾಗವ್ವ ಗಂಭೀರವಾಗಿ ಇಸಿದುಕೊಂಡು ಅವನಿಗೆ ಒಂದು ಶೇಂಗಾ ಉಂಡೆ ಕೊಟ್ಟಳು. ಪಾಪ, ಅಷ್ಟು ಮರ್ಯಾದೆ ಆ ಅರಿವೆಗೆ ನಮ್ಮೂರಲ್ಲಿ ಎಂದೂ ಸಿಕ್ಕಿರಲಿಲ್ಲ.

ನೇಪಾಳದ ಗಡಿ

ಪರದೇಶ ಅಂದರೆ ಏನೋ ಎಂದುಕೊಂಡಿದ್ದೆವು. ಒಂದು ಕಮಾನು, ಈ ಕಡೆ ಕೆಸರು, ಆ ಕಡೆಯೂ ಅದೇ ಕೆಸರು. ಗಡಿಯಾರ ಮಾತ್ರ ಕಾಲು ತಾಸು ಮುಂದಿಡಬೇಕು ಎಂದರು. "ಬರೇ ಕಾಲು ತಾಸಿಗೆ ಬ್ಯಾರೆ ದೇಶ ಮಾಡ್ಕೊಂಡಾರಲ್ಲಬೇ," ಎಂದಳು ನಾಗವ್ವ.

ಅಲ್ಲಿ ಚೀಲ ತಪಾಸಣೆ. ಭಾರತದಿಂದ ಅರಿವೆ ಒಯ್ದು ಮಾರುವವರ ಕಾಟ ಇತ್ತೋ ಏನೋ, ಚೀಲಗಳನ್ನೆಲ್ಲ ಕಿತ್ತು ನೋಡುತ್ತಿದ್ದರು. ನನ್ನ ಚೀಲದಿಂದ ಖಡಕ್ ರೊಟ್ಟಿ ಹೊರಬಂತು, ಚಟ್ನಿ ಹೊರಬಂತು, ಕೊನೆಗೆ ಅಂದವಾಗಿ ಮಡಚಿಟ್ಟ ಬಿಳಿ ಚೌಕಗಳು ಮೇಜಿನ ಮೇಲೆ ಬಂದವು. ಅಧಿಕಾರಿ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ವ್ಯಾಪಾರವೇ ಎಂದು ಹಿಂದಿಯಲ್ಲಿ ಕೇಳಿದ. ಪಕ್ಕದಲ್ಲೇ ಅತ್ತೆ ನಿಂತಿದ್ದಾರೆ.

"ಚಾಯ್," ಎಂದೆ. "ಚಾಯ್ ಛಾನ್‌ನೇಕಾ ಕಪಡಾ."

ಅವನಿಗೆ ಸಮಾಧಾನವಾಯಿತು, ಬಿಟ್ಟ. ಅತ್ತೆಗೆ ಸಮಾಧಾನಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. "ಎಷ್ಟು ಬುದ್ಧಿವಂತಿ ನೋಡು ನನ್ನ ಸೊಸಿ! ಹೋಟೆಲಿನ ಚಹಾ ಮಡಿ ಇರಂಗಿಲ್ಲ ಅಂತ ಅರಿವಿ ಹೊಲಿಸಿಕೊಂಡು ಬಂದಾಳ," ಎಂದು ಬಸ್ಸಿಗೆಲ್ಲ ಹೇಳಿದರು. ಅಲ್ಲಿಂದ ಮುಂದೆ ಬಸ್ಸು ನಿಂತಲ್ಲೆಲ್ಲ ಸ್ಟೋವ್ ಹಚ್ಚಿ, ನನ್ನ ಹೊಸ ಚೌಕದಲ್ಲೇ ಚಹಾ ಸೋಸಿ ಕುಡಿದರು. "ಏನು ಮೆತ್ತಗೈತಿ! ಚರಟ ಒಂದು ಚೂರೂ ಇಳಿಯಂಗಿಲ್ಲ," ಎಂದು ಹೊಗಳಿ ಇನ್ನೊಂದು ಇಸಿದುಕೊಂಡರು. ಉಟ್ಟು ಮುಟ್ಟದ ಹೊಸ ಹೊಲಿಗೆ, ದೋಷವೇನೂ ಇರಲಿಲ್ಲ ಬಿಡಿ. ಆದರೆ ಶಾಂತಾ ಪ್ರತಿ ಸಲ ಚಹಾ ಬೇಡವೆಂದು ಹೊರಗೆ ಓಡುತ್ತಿದ್ದಳು. ನಗುವುದಕ್ಕೆ ಓಡುತ್ತಿದ್ದಳೆಂದು ನನಗೆ ಮಾತ್ರ ಗೊತ್ತಿತ್ತು.

ಕಠ್ಮಂಡು

ನಾವು ಇಳಿದುಕೊಂಡ ವಸತಿಗೃಹದ ಯಜಮಾನಿತಿಗೆ ಎಲ್ಲರೂ ದೀದಿ ಎನ್ನುತ್ತಿದ್ದರು. ಗುಂಡು ಮುಖ, ಗುಲಾಬಿ ಕೆನ್ನೆ. ಹೋದ ದಿನ ಅವಳು ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ಉಣ್ಣೆ ಹೆಣೆಯುತ್ತಿದ್ದಳು, ಅವಳ ಗಂಡ ಒಳಗೆ ಅಡುಗೆ ಮಾಡುತ್ತಿದ್ದ. ಅವಳು ಕೂತಲ್ಲಿಂದಲೇ ಕೂಗುವಳು, ಅವನು ಒಳಗಿನಿಂದ ಪಾತ್ರೆ ಬೀಳಿಸುವನು.

"ಆಕಿಗೇನು ಜ್ವರ ಬಂದಾವೇನು?" ಎಂದು ಅತ್ತೆ ನನ್ನ ಕಡೆಯಿಂದ ಹಿಂದಿಯಲ್ಲಿ ಕೇಳಿಸಿದರು. ದೀದಿ ನಕ್ಕು ಕೈಯಾಡಿಸಿದಳು. ಮುಟ್ಟಾಗಿದ್ದಾಳಂತೆ. ಅವರ ಮನೆತನದಲ್ಲಿ ನಾಲ್ಕು ದಿನ ಹೆಂಗಸು ಅಡುಗೆಮನೆಗೆ ಕಾಲಿಡುವಂತಿಲ್ಲವಂತೆ, ಅಲ್ಲಿಯ ತನಕ ಒಲೆ ಗಂಡನದು.

ನಮ್ಮವರೆಲ್ಲ ಅಡುಗೆಮನೆಯ ಬಾಗಿಲಲ್ಲಿ ಗುಂಪುಗಟ್ಟಿ ನೋಡಿದರು. ಆ ಮನುಷ್ಯ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬೇಳೆಗೆ ಒಗ್ಗರಣೆ ಕೊಡುತ್ತ, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ, ನಮ್ಮನ್ನು ನೋಡಿ ನಾಚಿದ.

"ನಮ್ಮೂರಾಗೂ ಹಿಂಗ ಇದ್ದಿದ್ರ ನಾ ತಿಂಗಳಿಗೆ ಎರಡು ಸರ್ತಿ ಹೊರಗ ಕುಂದ್ರತಿದ್ದೆ," ಎಂದಳು ನಾಗವ್ವ.

ನನಗೆ ನಗುವಿನ ನಡುವೆಯೇ ವಳಕಮದಿನ್ನಿಯ ಗದ್ದೆ ನೆನಪಾಯಿತು. ಮೊಣಕಾಲು ನೀರಿನಲ್ಲಿ ನಿಂತು ಭತ್ತ ನಾಟಿ ಹಚ್ಚುವ ನಮ್ಮ ಹೆಂಗಸರು, ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬರುವ ಬಂಗಾಳಿ ಹೆಂಗಸರು, ಯಾವ ತಿಂಗಳಲ್ಲಿ ಯಾವ ನಾಲ್ಕು ದಿನ ಮೆಟ್ಟಿಲ ಮೇಲೆ ಕೂತಾರು? ಅಡುಗೆ ಬೇಡ, ಆದರೆ ಕೂಲಿ ಬೇಕು. ಹೊರಗೆ ಕೂಡುವುದೂ ನಮ್ಮಲ್ಲಿ ಉಳ್ಳವರ ಸೊತ್ತು. ಅತ್ತೆಗೆ ಇದನ್ನು ಹೇಳಿದೆ. "ಅದು ಖರೇ," ಎಂದರು.

ಪಶುಪತಿ

ಮರುದಿನ ದರ್ಶನ. ಮುಂಜಾನೆ ಎಲ್ಲರಿಗಿಂತ ಮೊದಲು ಅತ್ತೆ ಸ್ನಾನಕ್ಕೆ ಹೋದರು. ನಾವೆಲ್ಲ ಸೀರೆ ಉಟ್ಟು ಹೂ ಮುಡಿದು ಕಾಯುತ್ತಿದ್ದರೆ ಬಚ್ಚಲ ಬಾಗಿಲು ಬೆರಳಷ್ಟು ತೆರೆಯಿತು.

"ಸುಮಾ. ನೀ ಒಬ್ಬಾಕಿನ ಬಾ."

ಒಳಗೆ ಹೋದೆ. ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ದಸರೆಯಿಂದ ನಿಂತಿದ್ದದ್ದು ಸರಿಯಾಗಿ ಪಶುಪತಿಯ ಬಾಗಿಲಿಗೆ ಬಂದು ತಲುಪಿತ್ತು. ಇಡೀ ಬಸ್ಸಿಗೆ ಗುಳಿಗೆ ಹಂಚಿದ ಹೆಂಗಸಿನ ಚೀಲದಲ್ಲಿ ಒಂದು ತುಂಡು ಮುಟ್ಟಿನ ಅರಿವೆ ಇರಲಿಲ್ಲ.

"ಆ ಚಹಾ ಸೋಸೋ ಅರಿವಿ ಇನ್ನೂ ಅದಾವೇನು?" ಎಂದು ಮೆಲ್ಲಗೆ ಕೇಳಿದರು.

"ಅದಾವ್ರಿ ಅತ್ತಿ. ಅವು ಅದಕ್ಕ ಹೊಲಿಸಿದ್ದು."

ನನ್ನ ಮುಖ ನೋಡಿದರು. ತಿಳಿಯಿತು. "ಹಂಗಂದ್ರ ನಾ ಕುಡಿದ ಚಹಾ...?"

"ಹೊಸಾವು ರೀ. ಮಡಿ ಅರಿವಿ."

ಬೈಯುತ್ತಾರೆಂದು ಕಾದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ನಾನೂ ನಕ್ಕೆ, ಆ ಇಕ್ಕಟ್ಟು ಬಚ್ಚಲಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. ಓಡಿಹೋಗಿ ತಂದುಕೊಟ್ಟೆ. ಹೇಗೆ ಇಡಬೇಕೆಂದು ಬಿಚ್ಚಿದಾಗ ಒಂದು ಚೌಕದ ತುದಿಯಲ್ಲಿ ಕೆಂಪು ಅಂಚು ಕಂಡಿತು.

"ಇದು ನಿಮ್ಮ ಮಾವನ ಧೋತರ."

ನಾನು ತಲೆ ತಗ್ಗಿಸಿದೆ. ಅತ್ತೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಪಶುಪತಿಗೆ ಕರಕೊಂಡು ಹೋಗತೀನಿ, ಕರಕೊಂಡು ಹೋಗತೀನಿ ಅಂತಿದ್ದ. ಬಂದಾನ ನೋಡು," ಎಂದರು. ಈ ಸಲ ಕಣ್ಣಲ್ಲಿ ನೀರಿತ್ತು.

ಹೊರಗೆ ಬಂದು ಅವರು ಹಾಸಿಗೆಯ ತುದಿಗೆ ಕೂತರು. "ನೀವು ಹೋಗಿ ಬರ್ರಿ. ನಾ ಇಲ್ಲೇ ಇರತೀನಿ. ಮಂದಿಗೊಂದು ಕಾನೂನು, ನನಗೊಂದೇನು?"

ನನಗೆ ತಡೆಯಲಾಗಲಿಲ್ಲ. ಕಾಶಿಯಲ್ಲಿ ಬರದ ಧೈರ್ಯ ಆಗ ಬಂತು. ನಮ್ಮದು ಲಿಂಗಾಯತರ ಮನೆ, ಕೊರಳಲ್ಲಿ ಇಷ್ಟಲಿಂಗ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಹಿರಿಯರು ಹೇಳಿದ್ದಾರೆ, ಮುಟ್ಟಾದರೂ ಯಾರೂ ಅದನ್ನು ಬಿಚ್ಚಿಡುವುದಿಲ್ಲ. ಆದರೂ ಗುಡಿಯ ಮಾತು ಬಂದಾಗ ಹೊರಗೆ ಕೂಡಿಸುವುದು ನಮ್ಮೊಳಗೂ ಯಾವಾಗಲೋ ನುಸುಳಿಬಿಟ್ಟಿದೆ.

"ಅತ್ತಿ, ಕೊರಳಾಗಿನ ಲಿಂಗ ಬಿಚ್ಚಿಟ್ಟೀರೇನು?"

ಅವರ ಕೈ ಎದೆಗೆ ಹೋಯಿತು. "ಅದನ್ಯಾಕ ಬಿಚ್ಚಲಿ? ಉಸಿರು ಇರೋ ತನಕ ಬಿಚ್ಚಂಗಿಲ್ಲ."

"ಅಲ್ಲಿರೋದೂ ಲಿಂಗಾನ ಅಲ್ಲೇನ್ರಿ?"

ಅವರು ಎದ್ದು ಕನ್ನಡಿಯ ಮುಂದೆ ವಿಭೂತಿ ಹಚ್ಚಿಕೊಂಡರು. "ನಡಿ," ಎಂದರು.

ಬಾಗಮತಿ ನದಿಯ ದಂಡೆ, ರುದ್ರಾಕ್ಷಿ ಮಾರುವ ಮುದುಕಿಯರು, ಅತ್ತ ಇತ್ತ ಜಿಗಿಯುವ ಮಂಗಗಳು. ತೊಗಲಿನ ಸಾಮಾನು ಒಳಗೆ ಬಿಡುವುದಿಲ್ಲವೆಂದು ನಾಗವ್ವನ ಪರ್ಸು ಹೊರಗೆ ಇಡಿಸಿದರು. ದೊಡ್ಡ ಬಾಗಿಲ ಎದುರಿಗೆ ಬಂದಾಗ ಅತ್ತೆ ಇದ್ದಕ್ಕಿದ್ದಂತೆ ನಿಂತರು. ಹಿಂದೆ ಬರುತ್ತಿದ್ದ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಒಳಗೆ ಹಿತ್ತಾಳೆಯ ನಂದಿಯ ಬೆನ್ನು ಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟು ವರ್ಷದ ಸೋಮವಾರಗಳೆಲ್ಲ ಆ ಬಾಗಿಲ ಹಿಂದೆ ಇದ್ದವು.

"ಶಾಂತಾ, ಮುಂದ ಬಾ," ಎಂದು ಕರೆದರು.

ಶಾಂತಾ ಸೆರಗು ಎಳೆದುಕೊಳ್ಳುತ್ತ ಬಂದಳು.

"ಕಾಶಿಯಾಗ ನಿನ್ನ ಬಸ್ಸಿನ್ಯಾಗ ಕುಂದ್ರಿಸಿದೆ. ಇವತ್ತು ಮುಂಜಾನೆ ನನಗ ಮುಟ್ಟಾಗೇತಿ." ದನಿ ತಗ್ಗಿಸಲಿಲ್ಲ, ಎಲ್ಲರಿಗೂ ಕೇಳಿಸುವಂತೆಯೇ ಹೇಳಿದರು. "ಒಳಗ ಹೋಗಲೋ, ಬಸ್ಸಿಗೆ ಹೋಗಿ ಕುಂದ್ರಲೋ, ನೀ ಹೇಳು. ನೀ ಹೇಳಿದಂಗ ಮಾಡತೀನಿ."

ಶಾಂತಾ ಅತ್ತೆಯನ್ನು ನೋಡಿದಳು, ಬಾಗಿಲ ಕಡೆ ನೋಡಿದಳು, ಬೆರಳು ಸೆರಗಿನ ಗಂಟನ್ನು ಹುಡುಕಿಕೊಂಡಿತು. ಬಸ್ಸಿಗೆ ಹೋಗು ಎಂದಿದ್ದರೂ ತಪ್ಪೆಂದು ಯಾರೂ ಅನ್ನುತ್ತಿರಲಿಲ್ಲ.

"ಒಳಗ ನಡೀರಿ ಅತ್ತಿ," ಎಂದಳು. ಒಂದು ಹೆಜ್ಜೆ ಇಟ್ಟು ತಿರುಗಿ ನಿಂತಳು. "ಆದ್ರ ಬರುವಾಗ ಕಾಶಿಯಾಗ ಬಸ್ ನಿಂದ್ರಬೇಕು."

"ನಿಂದ್ರತೈತಿ," ಎಂದರು ಅತ್ತೆ.

"ಹಂಗಾದ್ರ ಇಷ್ಟು ದಿನ ಆ ಸುಡುಗಾಡು ಗುಳಿಗಿ ಯಾಕ ನುಂಗಿದಿವಬೇ? ಹೊಟ್ಟಿ ಉಬ್ಬಿ ಕುಂತೈತಿ ನಂದು!" ಎಂದು ನಾಗವ್ವ ಕೂಗಿದಳು. ನಗುತ್ತ ಒಳಗೆ ಹೋದೆವು. ಅತ್ತೆ ಪಶುಪತಿಯ ಮುಂದೆ ಏನು ಬೇಡಿಕೊಂಡರೋ ಗೊತ್ತಿಲ್ಲ, ಒಂದು ಕೈ ಮುಗಿದಿತ್ತು, ಇನ್ನೊಂದು ಶಾಂತಾಳ ತೋಳು ಹಿಡಿದಿತ್ತು.

ಮತ್ತೆ ಕಾಶಿ

ಆ ಸಂಜೆಯೇ ಎಲ್ಲರೂ ಗುಳಿಗೆ ಬಿಟ್ಟರು. ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮುಂದೂಡಿದ್ದೆಲ್ಲ ಒಟ್ಟಿಗೆ ಬಂತು. ಗಡಿ ದಾಟುವಷ್ಟರಲ್ಲಿ ನಾಗವ್ವನಿಗೆ, ಗೋರಖಪುರದಲ್ಲಿ ಹಿಂದಿನ ಸೀಟಿನವರಿಗೆಲ್ಲ, ಅವರ ಜೊತೆಗೆ, ಗುಳಿಗೆ ನುಂಗದಿದ್ದ ನನಗೂ. ನನ್ನ ಚೌಕಗಳು ಎಲ್ಲಿ ಸಾಕಾಗಬೇಕು! ಅತ್ತೆ ತಾವು ಉಡಲು ತಂದಿದ್ದ ಎರಡು ನೂಲಿನ ಸೀರೆ ತೆಗೆದು ಬಸ್ಸಿನಲ್ಲೇ ಹರಿಯುತ್ತ ಕೂತರು. ಚರ್ರನೆ ಹರಿದದ್ದನ್ನು ಶಾಂತಾ ಮಡಚಿ ಸೀಟಿನಿಂದ ಸೀಟಿಗೆ ಹಂಚಿದಳು. ಡ್ರೈವರ್ ಕನ್ನಡಿಯಲ್ಲಿ ನೋಡಿ ಏನೆಂದು ಕೇಳಿದ. ಅತ್ತೆ ಏನೆಂದು ಹೇಳಿದರು. ಅವನು ಕಾಶಿಯ ತನಕ ಕನ್ನಡಿ ನೋಡಲಿಲ್ಲ.

ಊರಲ್ಲಿ ಇನ್ನೊಂದು ಬಾಡಿಗೆ ಕಾದಿದೆ, ಕಾಶಿಯಲ್ಲಿ ನಿಲ್ಲಿಸುವುದಿಲ್ಲ ಎಂದು ಅವನ ತಕರಾರು. ಅತ್ತೆಯ ಮುಂದೆ ಅದು ನಡೆಯಲಿಲ್ಲ. ವಿಶ್ವನಾಥನ ಗುಡಿಗೆ, ಮುಟ್ಟಾದವರೂ ಸೇರಿ, ನಾವೆಲ್ಲ ಹೋದೆವು. ದರ್ಶನ ಮುಗಿಸಿ ಒಬ್ಬೊಬ್ಬರೇ ಬಂದು ಬಸ್ಸು ಹತ್ತಿದರು. ಶಾಂತಾ ಬರಲಿಲ್ಲ. ನಾನು ಬರುವಾಗ ಅವಳು ಇನ್ನೂ ಒಳಗೇ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿತ್ತು, ಕೈ ಬರಿದಾಗಿತ್ತು, ಕಣ್ಣು ಮುಚ್ಚಿದ್ದಳು. ಕರೆಯಲು ಮನಸ್ಸಾಗದೆ ಬಂದೆ.

ಕಾದೆವು. ಬಿಸಿಲು ಏರಿತು. ಡ್ರೈವರ್ ಗಡಿಯಾರ ನೋಡಿದ, ಗೊಣಗಿದ, ಕೊನೆಗೆ ತಾಳ್ಮೆಗೆಟ್ಟು ಉದ್ದಕ್ಕೆ ಹಾರ್ನ್ ಬಾರಿಸಿದ.

ಅತ್ತೆ ಬಾಗಿಲ ಹತ್ತಿರದ ಸೀಟಿನಿಂದ ಎದ್ದು ಅವನ ಕೈ ಹಾರ್ನಿನ ಮೇಲಿಂದ ತೆಗೆದರು.

"ಸುಮ್ಮನ ಕುಂದ್ರಪ್ಪಾ," ಎಂದರು. "ಆಕಿ ಅವರವ್ವನ ಕೂಡ ಮಾತಾಡಾಕತ್ತಾಳ."